ರಿಯೊ ಪೇಟೆಯಲ್ಲಿ ಜೋಳದ ರೊಟ್ಟಿ

ಮನೆಯ ಕಟ್ಟೆಯ ಮೇಲೆ ಸುಮ್ಮನೆ ಕೂತವನನ್ನೂ ಹುಡುಕಿಕೊಂಡು ಬರುವ ಫಜೀತಿಗಳಿರುತ್ತವೆ. ಅವಕ್ಕೆ ನನ್ನ ವಿಳಾಸ ಚೆನ್ನಾಗಿ ಗೊತ್ತು. ನಾನು ಯಲಬುರ್ಗಾದ ದನದ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದವನು. ಔಷಧ ಅರೆಯುವುದು, ಬಿದಿರಿನ ಗೊಟ್ಟದಲ್ಲಿ ಎಮ್ಮೆಯ ಬಾಯಿಗೆ ಔಷಧ ಹೊಯ್ಯುವುದು, ಎಮ್ಮೆ ಒದ್ದರೆ ಒದೆಸಿಕೊಳ್ಳುವುದು ನನ್ನ ಕೆಲಸ. ಹುಲಿಗಿಯ ತನಕ ಹೋಗಿ ಬಂದದ್ದೇ ನನ್ನ ದೊಡ್ಡ ಪ್ರವಾಸ. ಅಂಥವನು ನಿಜಾಮರ ಕಾಲದಲ್ಲಿ, ಮೂವತ್ತರ ದಶಕದಲ್ಲಿ, ದಕ್ಷಿಣ ಅಮೆರಿಕದ ರಿಯೊ ಪಟ್ಟಣದ ಬೀದಿಬೀದಿ ಅಲೆದೆ ಅಂದರೆ ಮೊಮ್ಮಕ್ಕಳು ನಂಬುವುದಿಲ್ಲ. ನಂಬದಿದ್ದರೆ ಬಿಡಲಿ, ನಾನು ಹೇಳುವುದನ್ನು ಬಿಡುವುದಿಲ್ಲ.

೧. ವಲ್ಲಿಯ ಕೆಳಗಿನ ಚೇಷ್ಟೆ

ನಮ್ಮ ಕಡೆ ದನದ ಸಂತೆಯಲ್ಲಿ ದರವನ್ನು ಬಾಯಿಬಿಟ್ಟು ಹೇಳುವುದಿಲ್ಲ. ಕೊಡುವವನು, ತಗೊಳ್ಳುವವನು ಕೈಗೆ ಕೈ ಕೊಡುತ್ತಾರೆ. ಮೇಲೆ ಹೆಗಲಿನ ವಲ್ಲಿಬಟ್ಟೆ ಮುಚ್ಚಿ, ಒಳಗೆ ಬೆರಳು ಒತ್ತಿ ದರ ತಿಳಿಸುತ್ತಾರೆ. ಸುತ್ತ ನಿಂತವರಿಗೆ ಏನೂ ಗೊತ್ತಾಗುವುದಿಲ್ಲ. ಆದರೆ ಒಳಗೆ ಒಮ್ಮೆ ಒಪ್ಪಿದರೆ ಮುಗಿಯಿತು, ಮಾತು ತಿರುಗಿಸುವಂತಿಲ್ಲ.

ಒಂದು ಸಲ ಕುಷ್ಟಗಿ ಸಂತೆಗೆ ಮುಂಬಯಿಯ ದಲಾಲನೊಬ್ಬ ಬಂದ. ಬ್ರೆಜಿಲ್ ದೇಶದ ಒಬ್ಬ ದೊಡ್ಡ ಜಮೀನುದಾರನಿಗೆ ನಮ್ಮ ಕೃಷ್ಣಾ ತೀರದ ತಳಿಯ ಹೋರಿ ಬೇಕಾಗಿತ್ತಂತೆ. ಅದೇ ಸಂತೆಗೆ ಒಬ್ಬ ಮುದುಕ, ನಾವೆಲ್ಲ ಮುತ್ಯಾ ಎಂದು ಕರೆಯುತ್ತಿದ್ದವನು, ತನ್ನ ಬಿಳಿ ಹೋರಿಯನ್ನು ತಂದಿದ್ದ. ಮಾರಲಿಕ್ಕಲ್ಲ, ನಾಲ್ಕು ಜನ ನೋಡಲಿ ಎಂದು. ದಲಾಲ ಬೆನ್ನು ಬಿಡಲಿಲ್ಲ. ಪೀಡೆ ತೊಲಗಲಿ ಎಂದು ಮುತ್ಯಾ ವಲ್ಲಿಯ ಒಳಗೆ ಐದೂ ಬೆರಳು ಒತ್ತಿದ. ಆ ದರಕ್ಕೆ ಅರ್ಧ ಸಂತೆಯೇ ಬರುತ್ತಿತ್ತು. ದಲಾಲ ಗಟ್ಟಿಯಾಗಿ ಕೈ ಅದುಮಿ ಒಪ್ಪಿಬಿಟ್ಟ.

ಮುತ್ಯಾನ ಮುಖ ಬಿಳಿಚಿತು. "ನಾ ಚೇಷ್ಟಿ ಮಾಡಿದ್ನಿರಿ" ಅಂದ.

"ವಲ್ಲಿ ಒಳಗ ಚೇಷ್ಟಿ ಎಲ್ಲಿರತೈತಿ ಯಜಮಾನ್ರ?" ಅಂದರು ಸುತ್ತಲಿನವರು.

ಆಗ ಮುತ್ಯಾ ಕೊನೆಯ ಅಸ್ತ್ರ ತೆಗೆದ. "ನನ್ನ ಹೋರಿ ದಿನಾ ಮುಂಜಾನೆ ಮೊದಲನೇ ತುತ್ತು ನನ್ನ ಕೈಯಾಗಿಂದ ಜ್ವಾಳದ ರೊಟ್ಟೀನ ತಿಂತೈತಿ. ಅದಿಲ್ಲಂದ್ರ ಮೇವಿಗೆ ಬಾಯಿ ಹಾಕಂಗಿಲ್ಲ. ಒಯ್ದು ಏನ್ ಮಾಡ್ತೀರಿ?" ದಲಾಲ ನಂಬದೆ ಎರಡು ದಿನ ಪರೀಕ್ಷೆ ಮಾಡಿದ. ಎರಡು ದಿನವೂ ಹೋರಿ ಉಪವಾಸ. ದಲಾಲ ಸೋಲುವ ಪೈಕಿ ಅಲ್ಲ. ಹೋರಿಯ ಜೊತೆ ಮುತ್ಯಾನನ್ನೂ ಕಳಿಸುವುದೆಂದು ತೀರ್ಮಾನಿಸಿದ. ಇಬ್ಬರ ಆರೋಗ್ಯಕ್ಕೆ ಇಂಗ್ಲಿಷು ಬಲ್ಲ ಒಬ್ಬ ಬೇಕಿತ್ತು. ಸೀಸೆಯ ಮೇಲಿನ "ವಿಷ", "ಚೆನ್ನಾಗಿ ಅಲ್ಲಾಡಿಸಿ" ಎಂಬುದನ್ನು ನಾನು ಓದುತ್ತಿದ್ದೆನಾದ್ದರಿಂದ ನನ್ನನ್ನು ಆರಿಸಿದರು. ಮುತ್ಯಾನ ಹೆಂಡತಿ ಅಳುತ್ತಲೇ ಎರಡು ಡಬ್ಬಿ ತುಂಬ ಖಡಕ್ ರೊಟ್ಟಿ ಮಾಡಿಕೊಟ್ಟಳು.

ಹಡಗಿನ ಕಾಗದದಲ್ಲಿ ಮೊದಲು ಹೋರಿಯ ಬಣ್ಣ, ಎತ್ತರ, ಕೋಡಿನ ಅಳತೆ ಎಲ್ಲ ಬರೆದಿದ್ದರು. ಅದರ ಕೆಳಗೆ ಮುತ್ಯಾನ ಹೆಸರು ಬರೆದಿದ್ದರು. ನನಗೆ ಹೆಸರೇ ಇರಲಿಲ್ಲ, "ಜೊತೆಗೆ ಇನ್ನೊಬ್ಬ" ಎಂದಿತ್ತು.

೨. ದೋತರ ಒಣಗಿಸಿದ್ದು

ಹೋರಿಯನ್ನು ಇಳಿಸಿದ್ದು ರಿಯೊ ಬಂದರಿನ ಎದುರಿಗಿದ್ದ ಒಂದು ನಡುಗಡ್ಡೆಯಲ್ಲಿ. ಹೊರದೇಶದ ದನಕ್ಕೆ ಬೇನೆ ಇಲ್ಲ ಎಂದು ಖಾತ್ರಿಯಾಗುವ ತನಕ ಇಪ್ಪತ್ತು ದಿನ ಅಲ್ಲೇ ಇಡುತ್ತಾರೆ. ಅದಕ್ಕೆ ಕ್ವಾರಂಟೈನು ಅನ್ನುತ್ತಾರೆ. ಅಲ್ಲಿನ ಡಾಕ್ಟರು ಮೊದಲ ದಿನವೇ ಹೇಳಿಬಿಟ್ಟ: ದನ ಮೇವು ಬಿಟ್ಟರೆ ಬೇನೆ ಎಂದೇ ಲೆಕ್ಕ, ಬೇನೆಯ ದನಕ್ಕೆ ಬಂದೂಕಿನ ಗುಂಡು.

ಮುತ್ಯಾ ಡಬ್ಬಿ ತೆಗೆದು ನೋಡಿದ. ಒಂದು ಡಬ್ಬಿಯನ್ನು ಹಡಗಿನ ಖಲಾಸಿಗಳು ಬೆಣ್ಣೆ ಹಚ್ಚಿಕೊಂಡು ತಿಂದು ಮುಗಿಸಿದ್ದರು. ಇನ್ನೊಂದರಲ್ಲಿ ಉಳಿದದ್ದು ಹನ್ನೆರಡು ರೊಟ್ಟಿ. ಹನ್ನೆರಡು ದಿನದೊಳಗೆ ಜೋಳ ಸಿಗದಿದ್ದರೆ ಹೋರಿ ಹೋಯಿತು ಅಂತಲೇ ಅರ್ಥ. ಮುತ್ಯಾ ಹೋರಿಯ ಕೊರಳಿನ ಗಂಗೆದೊಗಲು ಸವರುತ್ತ ಕೂತುಬಿಟ್ಟ.

ಮರುದಿನ ಹೋರಿಗೆ ರೊಟ್ಟಿ ತಿನ್ನಿಸಿ, ದೋಣಿ ಹತ್ತಿ ಪಟ್ಟಣಕ್ಕೆ ಬಂದೆವು. ದುಭಾಷಿ ಎಂದು ಜಮೀನುದಾರ ಒಬ್ಬ ಗೋವಾದ ಅಡುಗೆಯವನನ್ನು ಗೊತ್ತು ಮಾಡಿದ್ದ. ಅವನು ಹಿಂದೆ ಗದಗ ಸ್ಟೇಷನ್ನಿನಲ್ಲಿ ನಾಲ್ಕು ವರ್ಷ ಅಡುಗೆ ಮಾಡಿದ್ದರಿಂದ ಕನ್ನಡ ಬರುತ್ತಿತ್ತು. ಹತ್ತು ಗಂಟೆಗೆ ಬರುತ್ತೇನೆ ಅಂದವನು ಬಂದದ್ದು ಹನ್ನೆರಡಕ್ಕೆ. ಅಷ್ಟರಲ್ಲಿ ಆಗಬಾರದ್ದು ಆಗಿತ್ತು.

ಸಮುದ್ರದ ದಂಡೆಯ ಮರಳಿನ ಮೇಲೆ ಗಂಡಸರು, ಹೆಂಗಸರು ಗೇಣುದ್ದದ ಬಟ್ಟೆ ತೊಟ್ಟು ಬಿಸಿಲಿಗೆ ಬಿದ್ದುಕೊಂಡಿದ್ದರು. ಮುತ್ಯಾ ಕಣ್ಣು ತಗ್ಗಿಸಿ ಕೇಳಿದ: "ಊರಿಗೆ ಊರಽ ಥಂಡಿಜ್ವರ ಬಂದೈತೇನೋ ತಮ್ಮಾ? ನಿನ್ನ ಚೀಲದಾಗಿನ ಗುಳಗಿ ಕೊಡಬಾರದ?" ಗುಳಿಗೆ ದನದ್ದು ಎಂದೆ.

ಮುತ್ಯಾ ಹುಲಿಗೆಮ್ಮನನ್ನು ನೆನೆದು ಮೂರು ಮುಳುಗು ಹಾಕಿದ. ಆಮೇಲೆ ತನ್ನ ಎರಡನೆಯ ದೋತರವನ್ನು ಒಗೆದು ಹಿಂಡಿದ. ಹುಲಿಗಿಯ ಹೊಳೆಯಲ್ಲಿ ಮಾಡುವ ಹಾಗೆ ಒಂದು ತುದಿ ಅವನು, ಇನ್ನೊಂದು ತುದಿ ನಾನು ಹಿಡಿದು ಗಾಳಿಗೆ ಚಾಚಿ ನಿಂತೆವು. ಎಲ್ಲಿಂದಲೋ ಒಬ್ಬ ದಪ್ಪ ಮನುಷ್ಯ ಓಡಿಬಂದು ದೋತರದ ಮೇಲಿಂದ ಜಿಗಿದ. ಸುತ್ತಲಿನವರು ಚಪ್ಪಾಳೆ ಹೊಡೆದರು. ಎರಡು ನಿಮಿಷದಲ್ಲಿ ಮೂವತ್ತು ಜನ ಸಾಲು ಹಚ್ಚಿದರು. ಒಬ್ಬ ಸೀಟಿ ತಂದು ಊದತೊಡಗಿದ. ಇನ್ನೊಬ್ಬ ಬಂದು ದೋತರವನ್ನು ಇನ್ನಷ್ಟು ಎತ್ತರಕ್ಕೆ ಹಿಡಿಯಿರಿ ಎಂದು ನಮ್ಮ ಕೈ ತಿದ್ದಿದ.

ಅಷ್ಟರಲ್ಲಿ ಪೊಲೀಸಿನವನು ಬಂದ. ಸದ್ಯ, ಇನ್ನು ಇವರನ್ನೆಲ್ಲ ಓಡಿಸುತ್ತಾನೆ ಅಂದುಕೊಂಡೆ. ಅವನು ಬೂಟು ಬಿಚ್ಚಿ ನನ್ನ ಕಾಲ ಹತ್ತಿರ ಇಟ್ಟು, ಸಾಲಿನ ಕೊನೆಗೆ ಹೋಗಿ ನಿಂತ. ಅವನ ಸರದಿ ಬಂದಾಗ ಜಿಗಿದ, ಕಾಲು ಸಿಕ್ಕಿತು, ದೋತರ ಪರ್ರೆಂದು ಎರಡಾಯಿತು.

ನಾನು ಸಿಟ್ಟಿನಿಂದ ಏನೋ ಅನ್ನಹೋದೆ. ಮುತ್ಯಾ ನನ್ನ ರಟ್ಟೆ ಹಿಡಿದ. "ಸುಮ್ಮನಿರು ತಮ್ಮಾ. ಸರ್ಕಾರಿ ಮನಷ್ಯಾ. ಹರಿದಿದ್ದಕ್ಕ ಸಲಾಮ್ ಮಾಡಿ ಬಾ."

೩. ತಂತಿಯ ಮೇಲಿನ ಬಂಡಿ

ಮೂರು ದಿನ ಅಂಗಡಿ ಅಂಗಡಿ ಸುತ್ತಿದೆವು. ಗೋವಿನಜೋಳ ಬೇಕಾದಷ್ಟಿತ್ತು, ಮರಗೆಣಸಿನ ಹಿಟ್ಟು ಮೂಟೆ ಮೂಟೆ ಇತ್ತು. ನಮ್ಮ ಬಿಳಿಜೋಳದ ಹೆಸರೇ ಯಾರಿಗೂ ಗೊತ್ತಿರಲಿಲ್ಲ. ಗೋವಿನಜೋಳದ ರೊಟ್ಟಿಯನ್ನು ಹೋರಿ ಮೂಸಿ ನೋಡಿ ಮುಖ ತಿರುವಿತು.

ಮುತ್ಯಾನಿಗೆ ಒಂದು ಯೋಚನೆ ಹೊಳೆಯಿತು. "ಎತ್ತರದ ಗುಡ್ಡ ಹತ್ತಿ ನೋಡೂಣು. ಜ್ವಾಳದ ಹೊಲ ಎಲ್ಲಿದ್ರೂ ಕಾಣತೈತಿ." ಆ ಊರಿನಲ್ಲಿ ಗುಡ್ಡಕ್ಕೇನು ಬರ ಇಲ್ಲ. ಒಂದು ಗುಡ್ಡದ ತುದಿಗೆ ತಂತಿ ಎಳೆದು, ತಂತಿಗೆ ಕಟ್ಟಿದ ಪೆಟ್ಟಿಗೆಯಲ್ಲಿ ಜನರನ್ನು ಕೂಡಿಸಿ ಮೇಲಕ್ಕೆ ಕಳಿಸುತ್ತಿದ್ದರು. ಹೊಸ ಬಂಡಿ ಹತ್ತುವಾಗ ಗಾಲಿಗೆ ಲಿಂಬೆಹಣ್ಣು ಇಡದೆ ಮುತ್ಯಾ ಹತ್ತುವವನಲ್ಲ. ದಾರಿಯಲ್ಲೇ ಒಂದು ಹಣ್ಣು ಕೊಂಡಿದ್ದ. ಪೆಟ್ಟಿಗೆಯ ಸುತ್ತ ಬಗ್ಗಿ ಬಗ್ಗಿ ನೋಡಿದ.

"ಗಾಲಿ ಎಲ್ಲೈತಿ?"

ಗೋವಾದವನು ಮೇಲೆ ತೋರಿಸಿದ. "ಅಲ್ಲಿ ಮುತ್ಯಾ, ತಂತಿ ಮ್ಯಾಲೆ."

"ಗಾಲಿ ಮ್ಯಾಲ, ಮನಷ್ಯಾರು ಕೆಳಗ? ಬಂಡಿ ಬೋರಲು ಬಿದ್ದೈತ್ರೆಪಾ! ಮೊದಲ ಎತ್ತಿ ನಿಲ್ಲಸ್ರಿ, ಆಮ್ಯಾಲ ಹತ್ತೂಣು."

ಹಿಂದೆ ನಿಂತ ಜನ ಗೊಣಗತೊಡಗಿದರು. ಕೊನೆಗೆ ಗೋವಾದವನು, ಇದನ್ನು ಮೇಲಿನ ಗಾಲಿಗೆ ಇಡು ಎಂದು ಬಂಡಿ ನಡೆಸುವವನ ಕೈಗೆ ಹಣ್ಣು ಕೊಟ್ಟ. ಅವನಿಗೆ ಏನು ತಿಳಿಯಿತೋ, ಸಂತೋಷದಿಂದ ತಲೆ ಬಗ್ಗಿಸಿ, ಚಾಕು ತೆಗೆದು ಹಣ್ಣು ಕೊಯ್ದು, ತನ್ನ ಲೋಟಕ್ಕೆ ಹಿಂಡಿಕೊಂಡು ಕುಡಿದುಬಿಟ್ಟ. ಮುತ್ಯಾ ಅದನ್ನು ಕಂಡದ್ದು ಪೆಟ್ಟಿಗೆ ನೆಲ ಬಿಟ್ಟ ಮೇಲೆ.

ತುದಿಯಲ್ಲಿ ನಿಂತು ನೋಡಿದರೆ ಸಮುದ್ರ, ಹಡಗು, ಬಿಳಿಯ ಮನೆಗಳು, ಕಾಡು. ಜೋಳದ ಒಂದು ದಂಟೂ ಕಾಣಲಿಲ್ಲ. ಇಳಿಯುವಾಗ ಮುತ್ಯಾ ನನ್ನ ತೋಳನ್ನು ಎರಡೂ ಕೈಯಿಂದ ಹಿಡಿದು ಕಣ್ಣು ಮುಚ್ಚಿಕೊಂಡಿದ್ದ.

"ಗಾಡಿ ತಿನ್ನೋ ಹಣ್ಣ ಡ್ರೈವರ್ ತಿಂದಾನ" ಅಂದ. "ಗಾಡಿ ಹಸದೈತಿ ತಮ್ಮಾ. ನೀ ಈ ಕಡೆ ಕೂಡು, ಮೊದಲ ನಿನ್ನ ತಿನ್ನಲಿ."

೪. ಅರ್ಧ ಮಗು

ರೊಟ್ಟಿ ನಾಲ್ಕಕ್ಕೆ ಇಳಿದ ದಿನ ಬಂದರಿನ ಹತ್ತಿರದ ದೊಡ್ಡ ಪೇಟೆಗೆ ಹೋದೆವು. ಒಂದು ಕಡೆ ಮೀನಿನ ರಾಶಿ, ಇನ್ನೊಂದು ಕಡೆ ಬಾಳೆಗೊನೆ, ನಡುವೆ ಪಂಜರದ ಗಿಳಿಗಳು. ಗಿಳಿಗಳೂ ಪೋರ್ತುಗೀಸ್ ಮಾತಾಡುತ್ತಿದ್ದವು. ನಮ್ಮಿಬ್ಬರಿಗಿಂತ ಅವು ವಾಸಿ.

ಗೋವಾದವನು ಹೊಗೆಸೊಪ್ಪು ಕೊಳ್ಳಲು ಹೋಗಿದ್ದ. ಒಂದು ಕಾಳಿನ ಅಂಗಡಿಯಲ್ಲಿ ದೂರದಿಂದ ಜೋಳದಂತೆ ಕಾಣುವ ಬೇರಾವುದೋ ಕಾಳಿತ್ತು. ಮುತ್ಯಾ ಕಾಯಲಿಲ್ಲ. ಅಂಗಡಿಯವನ ಕೈಯನ್ನು ಗಬಕ್ಕನೆ ಹಿಡಿದು, ಮೇಲೆ ವಲ್ಲಿ ಮುಚ್ಚಿ, ನಾಲ್ಕು ಬೆರಳು ಒತ್ತಿದ. ಅಂಗಡಿಯವನು ಮೊದಲು ಬೆಚ್ಚಿದ. ಆಮೇಲೆ ಮುತ್ಯಾನ ಹಣೆಯ ವಿಭೂತಿ, ರುಮಾಲು, ಕಂಬಳಿ ನೋಡಿ ಕಣ್ಣು ಅರಳಿಸಿ ಏನೋ ಕೂಗಿದ. ಒಳಗಿಂದ ಅವನ ಹೆಂಡತಿ ಓಡಿಬಂದಳು.

ದರ ಹೆಚ್ಚಾಯಿತೇನೋ ಎಂದು ಮುತ್ಯಾ ಇನ್ನೊಂದು ಸಲ ಕೈ ಹಿಡಿದು ಮೂರು ಬೆರಳು ಒತ್ತಿದ. ಅಂಗಡಿಯವನ ಮುಖ ಬಾಡಿತು. ಮುತ್ಯಾನಿಗೆ ಕನಿಕರ ಬಂತು. ಮೂರರ ಮೇಲೆ ಬೆರಳಿನ ಅರ್ಧ ಗೆಣ್ಣನ್ನು ಮೆಲ್ಲಗೆ ಒತ್ತಿದ, ಅಂದರೆ ಮೂರೂವರೆ. ಅಂಗಡಿಯವನು ಎದೆಯ ಮೇಲೆ ಶಿಲುಬೆ ಬರೆದುಕೊಂಡು ಮುಕ್ಕಾಲಿಯ ಮೇಲೆ ಕುಸಿದ.

ಗೋವಾದವನು ಬರುವಷ್ಟರಲ್ಲಿ ಪೇಟೆಯ ಹೆಂಗಸರು ಕೈ ಚಾಚಿ ಸಾಲಾಗಿ ನಿಂತಿದ್ದರು. ಅವನು ವಿಚಾರಿಸಿ ಬಂದು ಹಣೆ ಚಚ್ಚಿಕೊಂಡ. "ಮುತ್ಯಾ ಭವಿಷ್ಯ ಹೇಳ್ತಾನ ಅಂತ ತಿಳಕೊಂಡಾರ. ಮೊದಲು ನಾಲ್ಕು ಮಕ್ಕಳು ಅಂದನಂತ, ಆಮೇಲೆ ಮೂರು. ಈಗ ಆ ಅರ್ಧ ಮಗು ಗಂಡೋ ಹೆಣ್ಣೋ ಅಂತ ಅವನ ಹೆಂಡತಿ ಅಳಾಕ ಹತ್ಯಾಳ."

ಅಷ್ಟು ಹೊತ್ತಿಗೆ ಒಬ್ಬ ಮುದುಕಿ ತನ್ನ ಕೈ ಹಿಡಿಸಿಕೊಂಡು, ದಕ್ಷಿಣೆ ಎಂದು ತಾನು ಮಾರುತ್ತಿದ್ದ ಒಂದು ಕಸಬರಿಗೆಯನ್ನು ಮುತ್ಯಾನ ಕೈಗೆ ಕೊಟ್ಟಿದ್ದಳು. ಮುತ್ಯಾ ಅದನ್ನು ತಿರುವಿ ತಿರುವಿ ನೋಡಿದ. ಕಡ್ಡಿಗಳ ನಡುವೆ ಸಿಕ್ಕಿಕೊಂಡಿದ್ದ ಒಂದು ಕಾಳನ್ನು ಹಲ್ಲಿನಲ್ಲಿ ಕಡಿದ. ಆಮೇಲೆ ಪೇಟೆಯೆಲ್ಲ ತಿರುಗಿ ನೋಡುವ ಹಾಗೆ ಕೂಗಿದ:

"ಅಯ್ಯಯ್ಯೋ, ಇದು ಜ್ವಾಳದ ತೆನಿಯೋ ತಮ್ಮಾ! ಈ ಮಂದಿ ಅನ್ನದಿಂದ ಕಸಾ ಹೊಡಿತಾರ!"

೫. ಕಸಬರಿಗೆಯ ಊರು

ಕಸಬರಿಗೆ ಬರುವುದು ಎಲ್ಲಿಂದ ಎಂದು ಮುದುಕಿಯನ್ನು ಕೇಳಿದೆವು. ಬೆಳಿಗ್ಗೆ ರೈಲು ಹತ್ತಿದರೆ ಸಂಜೆಗೆ ವಾಪಸು ಬರಬಹುದಾದಷ್ಟು ದೂರದ ಗುಡ್ಡದ ಊರು ಅದು. ಮರುದಿನವೇ ಹೋದೆವು. ಅಲ್ಲಿ ಒಬ್ಬ ರೈತನ ಅಂಗಳದ ತುಂಬ ತೆನೆ ಬಡಿದು ಕಡ್ಡಿಯನ್ನು ಹೊರೆ ಕಟ್ಟಿ ಇಟ್ಟಿದ್ದರು. ಉದುರಿದ ಕಾಳನ್ನು ಕೋಳಿಗಳು ಕೆದರುತ್ತಿದ್ದವು. ನಮ್ಮ ಜೋಳಕ್ಕಿಂತ ಸಣ್ಣದು, ಬಣ್ಣ ಕೆಂಪು. ಆದರೂ ಜೋಳವೇ. ಮುತ್ಯಾ ರುಮಾಲು ತೆಗೆದು ಕಾಳಿನ ರಾಶಿಗೆ ಕೈಮುಗಿದು, ಕೋಳಿಗಳ ನಡುವೆಯೇ ಕೂತು ವಲ್ಲಿಗೆ ತುಂಬತೊಡಗಿದ. ಅವನ ಕಣ್ಣಿನಲ್ಲಿ ನೀರು ಇತ್ತು.

ರೈತನ ಹೆಂಡತಿ ಒಂದು ಒಳ್ಳೆಯ ಕಸಬರಿಗೆ ತಂದುಕೊಟ್ಟಳು. ಮುತ್ಯಾ ಬೇಡ ಅಂದ, ಕಾಳು ಸಾಕು ಅಂದ. ಅವಳು ಮನೆಯವರನ್ನೆಲ್ಲ ಕರೆದಳು. ಕಾಳು ಎಸೆದು ಕಡ್ಡಿ ಇಟ್ಟುಕೊಳ್ಳುವವರು ಅವರು. ಕಡ್ಡಿ ಬಿಟ್ಟು ಕಾಳು ಕೇಳುವವನು ಇವನು. ಎರಡೂ ಕಡೆಯವರು ಒಬ್ಬರನ್ನೊಬ್ಬರು ನೋಡಿ ಪಾಪ ಪಾಪ ಅಂದುಕೊಂಡರು.

ಕಾಳೇನೋ ಬಂತು. ಔಷಧದ ಒರಳಲ್ಲಿ ನಾನೇ ಕುಟ್ಟಿದೆ. ಆದರೆ ರೊಟ್ಟಿ ಬಡಿಯುವವರು ಯಾರು? ಮುತ್ಯಾ ಜನ್ಮದಲ್ಲಿ ರೊಟ್ಟಿ ತಿಂದವನೇ ಹೊರತು ಬಡಿದವನಲ್ಲ. ಗೋವಾದವನು ಬಡಿದದ್ದು ಮೂರು ತುಂಡಾಯಿತು. ನಾನು ಬಡಿದೆ. ನಾಲ್ಕನೆಯ ಸಲಕ್ಕೆ ಸುಮಾರು ಆಮೆಯ ಆಕಾರ ಬಂತು. ಹೋರಿ ಅದನ್ನು ಮೂಸಿತು, ಮುತ್ಯಾನ ಮುಖ ನೋಡಿತು, ಒಂದು ನಿಟ್ಟುಸಿರು ಬಿಟ್ಟು ತಿಂದಿತು. ನಾನು ಕುಣಿದಾಡಿಬಿಟ್ಟೆ.

ಊರಿಗೆ ಬಂದ ಮೇಲೆ ಹೆಂಡತಿಯ ಮುಂದೆ ಇದನ್ನು ಹೆಮ್ಮೆಯಿಂದ ಹೇಳಿಕೊಂಡೆ. ಅವಳು ತಿರುಗಿಯೂ ನೋಡದೆ ಅಂದಳು: "ದನಾ ತಿಂದಾವಲ್ಲ, ಇನ್ನ ಮನಷ್ಯಾರು ತಿನ್ನೋವಂಥಾದ್ದು ಬಡಿಯಾಕ ಕಲೀರಿ."

೬. ಕೆಮ್ಮು

ಇಪ್ಪತ್ತನೆಯ ದಿನ ಡಾಕ್ಟರು ಬಂದ, ಜಮೀನುದಾರನೂ ಬಂದ. ಬಿಳಿ ಕೋಟು, ಬಿಳಿ ಹ್ಯಾಟು, ಮೀಸೆಗೆ ಎಣ್ಣೆ. ನಮ್ಮ ಹಡಗು ಹೊರಡುವುದು ಅಂದು ಸಂಜೆ. ಡಾಕ್ಟರು ಹೋರಿಯ ಕಣ್ಣು, ಗೊರಸು ಎಲ್ಲ ನೋಡಿ ಹೇಳಿದ: "ಈ ಮುದುಕ ಹೋದ ಮೇಲೆ ಇದು ತಿನ್ನುತ್ತದೆಂದು ಹೇಗೆ ನಂಬಲಿ? ಹೊಸ ಯಜಮಾನನ ಕೈಯಿಂದ ತಿಂದರೆ ಮಾತ್ರ ರುಜು ಹಾಕುತ್ತೇನೆ."

ಜಮೀನುದಾರ ರೊಟ್ಟಿ ಹಿಡಿದ. ಹೋರಿ ಬಾಲ ತೋರಿಸಿತು. ಆ ಕಡೆಯಿಂದ ಹೋಗಿ ಹಿಡಿದ. ಹೋರಿ ಮತ್ತೆ ತಿರುಗಿ ಬಾಲ ತೋರಿಸಿತು. ಡಾಕ್ಟರು ಪೆನ್ನು ಜೇಬಿಗೆ ಹಾಕಿಕೊಂಡ.

ಮುತ್ಯಾ ಜಮೀನುದಾರನ ಕೈ ಹಿಡಿದು ಗೋಡೆಯ ಮರೆಗೆ ಕರೆದೊಯ್ದ. ಹೊರಗೆ ಬಂದಾಗ ಜಮೀನುದಾರನ ಮೈಮೇಲೆ ಮುತ್ಯಾನ ದೋತರ, ರುಮಾಲು, ಕಂಬಳಿ, ಹಣೆಗೆ ಮೂರು ಬೆರಳ ವಿಭೂತಿ. ಮುತ್ಯಾನ ಮೈಮೇಲೆ ಬಿಳಿ ಕೋಟು, ಪ್ಯಾಂಟು. ಹೋರಿ ಕಂಬಳಿಯನ್ನು ಮೂಸಿತು, ಕಿವಿ ನಿಮಿರಿಸಿತು. ಆದರೂ ಬಾಯಿ ತೆರೆಯಲಿಲ್ಲ.

"ಕೆಮ್ಮಂತ ಹೇಳ್ರಿ ಅವ್ರಿಗೆ" ಅಂದ ಮುತ್ಯಾ. "ನಾ ದಿನಾ ಕೆಮ್ಮಿ ಕ್ಯಾಕರಿಸಿದ ಮ್ಯಾಲ ರೊಟ್ಟಿ ಕೊಡ್ತೀನಿ. ಅದಕ್ಕ ಕಾಯಾಕ ಹತ್ತೈತಿ."

ಜಮೀನುದಾರ ಮೆಲ್ಲಗೆ ಕೆಮ್ಮಿದ. ಸಾಲದು ಎಂದು ಮುತ್ಯಾ ಕೆಮ್ಮಿ ತೋರಿಸಿದ, ನಲವತ್ತು ವರ್ಷ ಚುಟ್ಟಾ ಸೇದಿದ ಕೆಮ್ಮು. ಜಮೀನುದಾರ ಹೊಟ್ಟೆ ಹಿಡಿದುಕೊಂಡು, ಕಣ್ಣು ಕೆಂಪಾಗುವ ತನಕ ಕೆಮ್ಮಿ, ಗಂಟಲು ಕ್ಯಾಕರಿಸಿದ. ಹೋರಿ ತಲೆ ಎತ್ತಿ ಮುಂದೆ ಬಂದು ಅವನ ಕೈಯಿಂದ ರೊಟ್ಟಿ ತಿಂದಿತು. ಮುತ್ಯಾ ಹೋರಿಯ ಕೊರಳು ತಬ್ಬಿ ಅತ್ತ. ನಾನೂ ಅತ್ತೆ. ಗೋವಾದವನು ಯಾಕೆ ಅತ್ತನೋ ಗೊತ್ತಿಲ್ಲ, ಅವನೂ ಅತ್ತ.

ಡಾಕ್ಟರು ಹೋರಿಯ ಕಾಗದಕ್ಕೆ ರುಜು ಹಾಕಿದ. ಆಮೇಲೆ ಜಮೀನುದಾರನ ಕೆಮ್ಮನ್ನು ನೆನೆಸಿಕೊಂಡು, ಇದು ಯಾವ ಬೇನೆಯೋ ಎಂದು ಹೋರಿಯನ್ನು ಬಿಟ್ಟು ಜಮೀನುದಾರನನ್ನು ಎಂಟು ದಿನ ಕ್ವಾರಂಟೈನಿನಲ್ಲಿ ಇಟ್ಟ.

೭. ಸಾಹೇಬರು ಬಂದರು

ಕಂಬಳಿಯ ವಾಸನೆ ಹೋದರೆ ಹೋರಿ ಮತ್ತೆ ಮುಖ ತಿರುವೀತೆಂದು ಮುತ್ಯಾ ತನ್ನ ಬಟ್ಟೆಯನ್ನು ವಾಪಸು ಕೇಳಲಿಲ್ಲ. ಇನ್ನೊಂದು ದೋತರವನ್ನು ಪೊಲೀಸಿನವನು ಹರಿದಿದ್ದ. ಹೀಗಾಗಿ ಆ ಬಿಳಿ ಕೋಟು, ಹ್ಯಾಟಿನಲ್ಲೇ ಮುತ್ಯಾ ಕೊಪ್ಪಳ ಸ್ಟೇಷನ್ನಿನಲ್ಲಿ ಇಳಿದ. ಹಡಗಿನ ಉಪ್ಪುಗಾಳಿಗೆ ಮುಖ ಕಪ್ಪಾಗಿತ್ತು, ಖಲಾಸಿಗಳು ಮೀಸೆಯನ್ನು ಸಣ್ಣಗೆ ಕತ್ತರಿಸಿದ್ದರು. ಕೂಲಿಗಳು ಸಲಾಮು ಹೊಡೆದರು. ಮುತ್ಯಾ ಹಿಂದೆ ಯಾರಿದ್ದಾರೆಂದು ತಿರುಗಿ ನೋಡಿದ.

ಬಂಡಿ ಮಾಡಿಕೊಂಡು ಅವನ ಊರಿಗೆ ಹೋದೆವು. ಊರ ಅಗಸಿಬಾಗಿಲಲ್ಲಿ ಬಂಡಿ ಕಂಡದ್ದೇ ತಡ, ಜಮೀನು ಅಳೆಯುವ ಸಾಹೇಬರು ಬಂದರು ಎಂದು ಊರು ಗಪ್‌ಚುಪ್ ಆಯಿತು. ಬಾಗಿಲುಗಳು ಪಟಪಟ ಮುಚ್ಚಿಕೊಂಡವು. ಮುತ್ಯಾನ ಮನೆಯದೂ ಮುಚ್ಚಿತು. ಅವನು ಕದ ತಟ್ಟಿದ.

ಒಳಗಿಂದ ಹೆಂಡತಿಯ ದನಿ ಬಂತು: "ಯಾರ್ರೀ?"

ತಿಂಗಳುಗಟ್ಟಲೆ ಕೇಳದ ದನಿ. ಮುತ್ಯಾನ ದನಿಯೋ ಹಡಗಿನ ಥಂಡಿಗೆ ಒಡೆದು ಗೊಗ್ಗರಾಗಿತ್ತು. "ಏ... ಕದಾ ತಗಿ, ಹೋರಿ..." ಅನ್ನುವಷ್ಟರಲ್ಲಿ ಕದ ಒಂದಿಷ್ಟು ಸರಿಯಿತು.

ಕದದ ಸಂದಿಯಲ್ಲಿ ಒಂದು ಕಣ್ಣು ಕಂಡಿತು. ಅದು ಹ್ಯಾಟಿನಿಂದ ಬೂಟಿನ ತನಕ ನೋಡಿತು. ಆಮೇಲೆ ಅಗಳಿ ಇನ್ನಷ್ಟು ಗಟ್ಟಿಯಾಗಿ ಬಿದ್ದ ಸದ್ದು ಕೇಳಿತು.

"ಹೋರಿ ಕೇಳಾಕ ಬಂದೀರೇನು? ನಮ್ಮ ಮನ್ಯಾಗ ಮಾರೋ ಹೋರಿ ಇಲ್ಲರೀ ಸಾಹೇಬ್ರ. ಹೋದ ಸಲ ಒಂದು ಕೊಟ್ರ ಅದರ ಕೂಡ ನನ್ನ ಗಂಡನ್ನೂ ಹೊಡಕೊಂಡು ಹೋದ್ರಿ. ಮೊದಲ ಅಂವನ್ನ ತಂದು ಕಟ್ರಿ, ಆಮ್ಯಾಲ ಮಾತು!"